ಮಹದೇವಪೇಟೆಯಲ್ಲಿ ಕಾಫಿ ಅಂಗಡಿ: ಕೇಳಿದಷ್ಟು ಬಾಡಿಗೆಗೆ ಒಪ್ಪಬಹುದಾ?

ಬೆಂಗಳೂರಿನ ಕೆಲಸ ಬಿಟ್ಟು ಮಡಿಕೇರಿಗೆ ವಾಪಸ್ ಬಂದಿದ್ದೇನೆ. ಮಹದೇವಪೇಟೆಯಲ್ಲಿ ಮೊದಲು ಟೈಲರ್ ಇದ್ದ ಒಂದು ಮಳಿಗೆ ಖಾಲಿ ಇದೆ. ಅಲ್ಲಿ ನಮ್ಮ ತೋಟದ ಕಾಫಿ ಮಾಡಿ ಕೊಡುವ ಸಣ್ಣ ಅಂಗಡಿ ಇಡುವ ಆಸೆ. ಮಾಲೀಕರು ಹಳೇ ಬಾಡಿಗೆಯ ಎರಡರಷ್ಟು ಕೇಳುತ್ತಿದ್ದಾರೆ. ಅಕ್ಕಪಕ್ಕ ಎಲ್ಲ ಹಳೇ ಅಂಗಡಿಗಳು, ಅವರಿಗೆ ನನ್ನಿಂದ ತೊಂದರೆ ಆಗಬಾರದು. ಅನುಭವ ಇದ್ದವರು ದಯವಿಟ್ಟು ಹೇಳಿ.

ಜೇನಿನ ಅಂಗಡಿಯವರು:
ನಾನು 2016ರಲ್ಲಿ ಇದೇ ಊರಲ್ಲಿ ಜೇನು, ಕಾಳುಮೆಣಸು, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿರಸ) ಮಾರುವ ಅಂಗಡಿ ತೆರೆದೆ. ಶನಿವಾರ, ಭಾನುವಾರ ರಾಜಾಸೀಟಿಗೆ ಬರುವ ಜನ ನೋಡಿ ಲೆಕ್ಕ ಹಾಕಿದ್ದೆ. ಚೌಕಾಸಿ ಮಾಡದೆ ಮಾಲೀಕರು ಕೇಳಿದ ಬಾಡಿಗೆಗೆ ಹೂಂ ಅಂದೆ. ಆರು ತಿಂಗಳಲ್ಲಿ ಪಕ್ಕದ ಕೊಡೆ ರಿಪೇರಿಯವರ ಬಾಡಿಗೆಯೂ ಏರಿತು. "ಪಕ್ಕದವರು ಕೊಡ್ತಾರಲ್ಲ" ಅಂದರಂತೆ ಅವರ ಮಾಲೀಕರು. ಇಪ್ಪತ್ತು ವರ್ಷ ಅಲ್ಲೇ ಕೂತಿದ್ದವರು ಖಾಲಿ ಮಾಡಿಕೊಂಡು ಹೋದರು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ನೀವು ಒಪ್ಪುವ ಬಾಡಿಗೆಯೇ ನಾಳೆ ಇಡೀ ಸಾಲಿನ ಬಾಡಿಗೆ ಆಗುತ್ತದೆ, ಇದನ್ನು ಮರೆಯಬೇಡಿ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಮಂಗಳೂರು ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಪ್ರವಾಸಿಗರು ನಾಪತ್ತೆ. ಬಾಡಿಗೆ ಮಾತ್ರ ಒಂದನೇ ತಾರೀಕಿಗೆ ಕಟ್ಟಲೇಬೇಕಿತ್ತು. ಆಗ ಕೈ ಹಿಡಿದವರು ಊರಿನವರೇ. ಕಾಲು ಕೆಜಿ ಕಾಫಿಪುಡಿ, ನೂರು ಗ್ರಾಂ ಮೆಣಸು, ಇಷ್ಟೇ ವ್ಯಾಪಾರ. 2020ರಲ್ಲಿ ಮತ್ತೆ ಅದೇ ಕಥೆ. ಅದಕ್ಕೇ ಹೇಳುತ್ತೇನೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಊರಿನವರ ವ್ಯಾಪಾರದಲ್ಲೇ ಬಾಡಿಗೆ ಹುಟ್ಟುತ್ತಾ ನೋಡಿ. ಹುಟ್ಟದಿದ್ದರೆ ಒಪ್ಪಬೇಡಿ. ಡಿಸೆಂಬರಿನ ಗಿರಾಕಿ ನೋಡಿ ಮೋಸ ಹೋಗಬೇಡಿ.

ಇನ್ನೊಂದು ಮಾತು. ಎಲ್ಲರೂ 11 ತಿಂಗಳ ಕರಾರು ಮಾಡುತ್ತಾರೆ, ಯಾಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು. ಆದರೆ 11 ತಿಂಗಳಿಗೊಮ್ಮೆ ಬಾಡಿಗೆ ಏರಿಸಲು ಅದೇ ದಾರಿ. ನೀವು ಮೆಷಿನ್, ಮೇಜು, ನೀರಿನ ಪೈಪ್ ಅಂತ ದುಡ್ಡು ಹಾಕುವವರು. ಖರ್ಚಾದರೂ ಸರಿ, ಮೂರು ವರ್ಷಕ್ಕೆ ನೋಂದಣಿ ಮಾಡಿಸಿ. ವರ್ಷಕ್ಕೆ ಎಷ್ಟು ಏರಿಸಬಹುದು ಅಂತಲೂ ಅದರಲ್ಲೇ ಬರೆಸಿ.

ವಿರಾಜಪೇಟೆಯಿಂದ ಒಬ್ಬರು:
ನಾನೂ ಸಣ್ಣ ಹೋಟೆಲ್ ನಡೆಸುತ್ತೇನೆ. ನಮ್ಮ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುತ್ತೇನೆ. ಆ ಮಳೆಯಲ್ಲೂ ಜನ ಡಬ್ಬಿ ಹಿಡಿದು ಬರುತ್ತಾರೆ. ಊರಿನ ನಾಲಿಗೆಗೆ ಹಿಡಿಸುವ ಒಂದಾದರೂ ಐಟಂ ಇರಲಿ. ಬೋರ್ಡ್ ಮಾಡಿಸುವಾಗ ಶೇಕಡಾ 60 ಕನ್ನಡ ಇರಬೇಕು, ಆಮೇಲೆ ಎರಡು ಸಲ ಖರ್ಚಾಗಬಾರದು.

ಅದೇ ಬೀದಿಯ ದಿನಸಿ ಅಂಗಡಿಯವರು:
ಬನ್ನಿ, ಹೊಸಬರು ಬಂದರೆ ನಮಗೆ ಬೇಜಾರಿಲ್ಲ. ಬೇಜಾರಾಗುವುದು ಶುಕ್ರವಾರದ ಸಂತೆಗೆ ಬರುವ ತೋಟದ ಕೆಲಸದವರು ಒಳಗೆ ಕಾಲಿಡಲು ಹಿಂಜರಿಯುವಂಥ ಅಂಗಡಿ ಬಂದಾಗ. ಅವರು ನಮ್ಮ ಬೀದಿ ಬಿಟ್ಟರೆ ನಮ್ಮ ವ್ಯಾಪಾರ ಮುಗಿದ ಹಾಗೆ. ನಿಮ್ಮ ದುಬಾರಿ ಕಾಫಿ ಇರಲಿ, ಪಕ್ಕದಲ್ಲಿ ಕಮ್ಮಿ ರೇಟಿನ ಬೆಲ್ಲದ ಕಾಫಿಯೂ ಇರಲಿ. ಹಾಲು, ಬೆಲ್ಲ, ಸಕ್ಕರೆ ಬೀದಿಯಲ್ಲೇ ತಗೊಳ್ಳಿ. ಬಾಗಿಲ ಮುಂದೆ ಕಾರು ಸಾಲಾಗಿ ನಿಂತರೆ ನಮಗೆ ಮೂಟೆ ಇಳಿಸಲು ಆಗುವುದಿಲ್ಲ, ಅದನ್ನೂ ಸ್ವಲ್ಪ ನೋಡಿಕೊಳ್ಳಿ.

ಅಂದ ಹಾಗೆ, ಆ ಟೈಲರ್ ಈಗ ಮನೆಯಲ್ಲೇ ಹೊಲಿಯುತ್ತಿದ್ದಾರೆ. ಗಿರಾಕಿಗಳು ಇನ್ನೂ ಹಳೇ ಮಳಿಗೆಗೇ ಹುಡುಕಿಕೊಂಡು ಬರುತ್ತಾರೆ. ಅವರ ಫೋನ್ ನಂಬರಿನ ಬೋರ್ಡಿಗೆ ನಿಮ್ಮ ಬಾಗಿಲ ಪಕ್ಕ ಸ್ವಲ್ಪ ಜಾಗ ಕೊಡ್ತೀರಾ?