ಪದಚರ್ಚೆ: ಕಲ್ಲಿನ ಸ್ಕ್ಯಾನಿಗೆ ‘ಪಡಿಯಚ್ಚು’ ಎನ್ನಬಹುದೇ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಹಾಳುಬಿದ್ದ ಗುಡಿ, ಕೋಟೆ, ಶಾಸನಗಳನ್ನು ಲೇಸರ್ ಕಿರಣದಿಂದಲೋ ನೂರಾರು ಫೋಟೊಗಳ ನೆರವಿನಿಂದಲೋ ಅಳೆದು, ಕಂಪ್ಯೂಟರಿನಲ್ಲಿ ಮೂರು ಆಯಾಮದ ರೂಪವಾಗಿ ಉಳಿಸಿಕೊಳ್ಳುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಎದುರಾಗುವ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಹೀಗೆ ದೊರೆತ ರೂಪವನ್ನು ಒಬ್ಬರು ‘ಮಾದರಿ’ ಎನ್ನುತ್ತಾರೆ, ಇನ್ನೊಬ್ಬರು ‘ಪ್ರತಿಕೃತಿ’ ಎನ್ನುತ್ತಾರೆ, ಮತ್ತೊಬ್ಬರು ‘ಪುನರ್ನಿರ್ಮಾಣ’ ಅಥವಾ ‘ಡಿಜಿಟಲ್ ಜೀರ್ಣೋದ್ಧಾರ’ ಎಂದುಬಿಡುತ್ತಾರೆ. ಆದರೆ ಇಲ್ಲಿ ನಡೆಯುವ ಕೆಲಸ ಒಂದಲ್ಲ. ಇರುವುದನ್ನು ಇದ್ದಂತೆಯೇ ಅಳೆದು ಹಿಡಿಯುವುದು ಒಂದು ಬಗೆ, ಇಲ್ಲವಾದುದನ್ನು ಆಧಾರಗಳಿಂದ ಊಹಿಸಿ ಕಟ್ಟುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ‘ಪಡಿಯಚ್ಚು’ ಎಂಬ ಹಳೆಯ ಪದವನ್ನೇ ಬಳಸಬಹುದೇ, ಎರಡನೆಯದಕ್ಕೆ ಯಾವುದು ಹೊಂದೀತು ಎಂಬುದು ನನ್ನ ಪ್ರಶ್ನೆ.

ಈ ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಏನು ಕೆಡುತ್ತದೆ ಎಂಬುದಕ್ಕೆ ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥವೇ ಸಾಕ್ಷಿ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ನಾವೆಲ್ಲ ನೋಡುವ ಈ ರಥಕ್ಕೆ ಈಗ ಶಿಖರವಿಲ್ಲ. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಅವರು 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದಾಗ ಇದರ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು. ಅದು ಆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಅದನ್ನು ತೆಗೆದುಹಾಕಲಾಯಿತು. ರಥವನ್ನು ಎಳೆಯುವಂತೆ ಮುಂದೆ ನಿಂತಿರುವ ಆನೆಗಳೂ ಮೊದಲಿನವಲ್ಲ. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು ಮತ್ತು ಬಾಲದ ಗುರುತುಗಳು ಕಲ್ಲಿನಲ್ಲಿ ಇನ್ನೂ ಉಳಿದಿವೆ. ಅಲ್ಲಿದ್ದ ಕುದುರೆಗಳು ಹೋಗಿ ಆ ಜಾಗಕ್ಕೆ ಆನೆಗಳು ಬಂದಿವೆ. ಇಂದು ಸ್ಕ್ಯಾನರನ್ನು ಅಲ್ಲಿ ನಿಲ್ಲಿಸಿದರೆ ಅದಕ್ಕೆ ದಕ್ಕುವುದು ಶಿಖರವಿಲ್ಲದ, ಆನೆ ಕಟ್ಟಿದ, ಕುದುರೆಯ ಕಾಲಷ್ಟೇ ಉಳಿದ ರಥ. ಗ್ರೀನ್‌ಲಾ ಚಿತ್ರವನ್ನು ಆಧರಿಸಿ ಶಿಖರವನ್ನು ಕೂರಿಸಿದ ರಥ ಬೇರೆಯದೇ ವಸ್ತು. ಕಾಲು ಬಾಲಗಳಷ್ಟನ್ನೇ ಹಿಡಿದುಕೊಂಡು ಇಡೀ ಕುದುರೆಗಳನ್ನು ರಚಿಸಿದರೆ ಅದು ಇನ್ನೂ ಬೇರೆ. ಮೂರಕ್ಕೂ ‘ಕಲ್ಲಿನ ರಥದ ಡಿಜಿಟಲ್ ಮಾದರಿ’ ಎಂದು ಬರೆದರೆ ಓದುಗನಿಗೆ ಯಾವುದನ್ನು ಎಷ್ಟು ನಂಬಬೇಕೆಂಬುದೇ ತಿಳಿಯುವುದಿಲ್ಲ. ಪರಂಪರೆಯ ತಾಣಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವವರಿಗಾಗಿ ಸಿದ್ಧವಾದ, 2009ರಲ್ಲಿ ಪರಿಷ್ಕೃತಗೊಂಡ ‘ಲಂಡನ್ ಚಾರ್ಟರ್’ ಎಂಬ ಮಾರ್ಗಸೂಚಿ ಕೂಡ ಇದನ್ನೇ ಕೇಳುತ್ತದೆ: ತೋರಿಸುತ್ತಿರುವುದು ಈಗಿರುವ ಸ್ಥಿತಿಯೋ, ಆಧಾರದಿಂದ ಮರುರೂಪಿಸಿದ್ದೋ, ಬರಿಯ ಊಹೆಯೋ ಎಂಬುದು ನೋಡುವವರಿಗೆ ಸ್ಪಷ್ಟವಾಗಿರಬೇಕು.

‘ಪಡಿಯಚ್ಚು’ ಏಕೆ ಎಂದರೆ, ಶಾಸನತಜ್ಞರು ಈ ಪದವನ್ನು ಬಹುಕಾಲದಿಂದ ಇಂಥದೇ ಕೆಲಸಕ್ಕೆ ಬಳಸುತ್ತ ಬಂದಿದ್ದಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಅಕ್ಷರದ ಕುಳಿಯೊಳಕ್ಕೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟಿದರೆ ಕಪ್ಪು ನೆಲದ ಮೇಲೆ ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ‘ಪಡಿ’ ಎಂಬುದು ‘ಪ್ರತಿ’ಯ ತದ್ಭವ, ಪ್ರತಿಮೆ ಪಡಿಮೆಯಾದಂತೆ, ಪ್ರತಿಹಾರ ಪಡಿಯರನಾದಂತೆ. ‘ಅಚ್ಚು’ ಎಂಬುದಕ್ಕೆ ಒತ್ತಿ ಪಡೆದ ಆಕಾರ ಎಂಬ ಅರ್ಥ ಅಚ್ಚುಬೆಲ್ಲದಿಂದ ಅಚ್ಚುಕೂಟದವರೆಗೆ ಎಲ್ಲೆಡೆ ಉಂಟು. (ಗಾಡಿಯ ಚಕ್ರ ತಿರುಗುವ ದಂಡಕ್ಕೂ ಅಚ್ಚು ಎನ್ನುವುದರಿಂದ, ರಥದ ಮಟ್ಟಿಗೆ ‘ಅಚ್ಚಿನ ಪಡಿಯಚ್ಚು’ ಎಂದು ಬರೆಯಬೇಕಾಗಿ ಬಂದರೆ ನಗು ಬಂದೀತು.) ‘ಮಗ ಅಪ್ಪನ ಪಡಿಯಚ್ಚು’ ಎಂಬ ಆಡುಮಾತಿನಲ್ಲಿಯೂ ಸೇರಿಸಿದ್ದು, ತಿದ್ದಿದ್ದು ಏನೂ ಇಲ್ಲ ಎಂಬ ಧ್ವನಿಯೇ ಇದೆ. ನಮಗೆ ಬೇಕಾದದ್ದೂ ಅದೇ.

‘ಸ್ಕ್ಯಾನ್’ ಎಂಬ ಪದವನ್ನೇ ಉಳಿಸಿಕೊಂಡರೆ ಸಾಲದೇ ಎಂದು ಕೇಳಬಹುದು. ಕ್ರಿಯೆಗೆ ‘ಸ್ಕ್ಯಾನ್ ಮಾಡುವುದು’ ಎನ್ನಲು ನನ್ನ ತಕರಾರಿಲ್ಲ. ಆದರೆ ನಮ್ಮ ಜನರಿಗೆ ಸ್ಕ್ಯಾನಿಂಗ್ ಎಂದರೆ ಆಸ್ಪತ್ರೆಯದು, ಹೊಟ್ಟೆಯ ಒಳಗೇನಿದೆ ಎಂದು ನೋಡುವಂಥದು. ಲೇಸರ್ ಸ್ಕ್ಯಾನರ್ ಕಲ್ಲಿನ ಒಳಗನ್ನು ನೋಡುವುದೇ ಇಲ್ಲ. ಕಿರಣ ಮೈಗೆ ತಾಗಿ ಮರಳುವುದನ್ನು ಲೆಕ್ಕ ಹಾಕಿ ಒಂದೊಂದು ಬಿಂದುವೂ ಎಷ್ಟು ದೂರದಲ್ಲಿದೆ ಎಂಬುದನ್ನು ದಾಖಲಿಸುತ್ತದೆ, ಅಷ್ಟೇ. ‘ಕಂಬವನ್ನು ಸ್ಕ್ಯಾನ್ ಮಾಡಲಾಯಿತು’ ಎಂದು ಓದಿದವರು ಒಳಬಿರುಕು ಸಿಕ್ಕಿರಬೇಕು ಎಂದುಕೊಂಡರೆ ತಪ್ಪು ಅವರದಲ್ಲ. ಪಡಿಯಚ್ಚು ಎಂದಾಗ ಅದು ಹೊರಮೈಯದು ಎಂಬುದು ಪದದಲ್ಲಿಯೇ ಅಡಗಿದೆ.

ಆಕ್ಷೇಪಗಳೂ ಇವೆ. ಮಸಿಯ ಪಡಿಯಚ್ಚು ಕಲ್ಲನ್ನು ಮುಟ್ಟುತ್ತದೆ, ಕಿರಣದ್ದು ಮುಟ್ಟುವುದಿಲ್ಲ. ಒಂದೇ ಶಾಸನಕ್ಕೆ ಎರಡೂ ಇರುವಾಗ ಗೊಂದಲವಾಗದೇ ಎಂಬುದು ನಿಜವಾದ ಪ್ರಶ್ನೆ. ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ದಾಖಲಿಸುತ್ತಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ತೋಡುವಾಗ ಸಿಕ್ಕ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲೂ ಹಾಗೆ ದಾಖಲಾಗಿದೆ. ಇಂಥ ದಾಖಲೆಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಆಳದ ಗೀರು ಉಳಿದಿರುತ್ತದೆ. ತೆರೆಯ ಮೇಲೆ ಬೆಳಕನ್ನು ಬೇಕಾದ ದಿಕ್ಕಿನಿಂದ ಬೀಳಿಸಿ ಸವೆದ ಅಕ್ಷರದ ನೆರಳನ್ನು ಎಬ್ಬಿಸಬಹುದು. ಮಸಿಯ ಕಾಗದದಲ್ಲಿ ಇದಾಗದು. ಆದುದರಿಂದ ‘ಮಸಿಯ ಪಡಿಯಚ್ಚು’, ‘ಕಿರಣದ ಪಡಿಯಚ್ಚು’ ಎಂದು ವಿಶೇಷಣ ಸೇರಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಅಳೆದ ಬಿಂದುಗಳ ಮೊತ್ತಕ್ಕೆ, ಇಂಗ್ಲಿಷಿನ ‘ಪಾಯಿಂಟ್ ಕ್ಲೌಡ್’ ಅನ್ನು ಅನುಸರಿಸಿ ‘ಬಿಂದುಮೋಡ’ ಎನ್ನುವುದಕ್ಕಿಂತ ‘ಬಿಂದುರಾಶಿ’ ಸಹಜವೆಂದು ತೋರುತ್ತದೆ.

ಇಲ್ಲವಾದುದನ್ನು ಊಹಿಸಿ ಕಟ್ಟುವ ಎರಡನೆಯ ಕೆಲಸದ ಹೆಸರಿನಲ್ಲಿ ‘ಜೀರ್ಣೋದ್ಧಾರ’ ಖಂಡಿತ ಬೇಡ. ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕಂ’ ಎಂದು ನಮ್ಮ ದಾನಶಾಸನಗಳು ಎಷ್ಟೋ ಕಡೆ ಹೇಳುವಾಗ ಅದರರ್ಥ ಒಡೆದು ಬಿರಿದ ಕಟ್ಟಡವನ್ನು ನಿಜವಾಗಿ ದುರಸ್ತಿ ಮಾಡುವುದು. ತೆರೆಯ ಮೇಲೆ ಶಿಖರ ಏರಿಸಿದರೆ ಹಂಪೆಯಲ್ಲಿ ಒಂದು ಇಟ್ಟಿಗೆಯೂ ಅಲುಗುವುದಿಲ್ಲ. ‘ಪ್ರತಿಕೃತಿ’ಯನ್ನು ಕೈಗೆ ಸಿಗುವ ವಸ್ತುವಿಗೆ ಮೀಸಲಿಡುವುದು ಒಳ್ಳೆಯದು. ಸಿರಿಯಾದ ಪಾಲ್ಮೈರಾದಲ್ಲಿ 2015ರಲ್ಲಿ ಉಗ್ರರು ಒಡೆದುಹಾಕಿದ ಕಮಾನನ್ನು ಫೋಟೊಗಳ ಆಧಾರದಿಂದ ರೂಪಿಸಿ, ಇಟಲಿಯಲ್ಲಿ ಯಂತ್ರದಿಂದ ಅಮೃತಶಿಲೆಯಲ್ಲಿ ಕೊರೆಸಿ, 2016ರ ಏಪ್ರಿಲಿನಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಲ್ಲಿಸಿದರಲ್ಲ, ಅದು ಪ್ರತಿಕೃತಿ. ಅದೂ ಮೂಲದ ಮೂರನೆಯ ಎರಡರಷ್ಟು ಗಾತ್ರದ್ದು.

ಉಳಿದದ್ದಕ್ಕೆ ಗ್ರಂಥಸಂಪಾದನೆಯ ಕಡೆಯಿಂದ ಪದ ತರಬಹುದೆಂದು ತೋರುತ್ತದೆ. ಶಾಸನ ತ್ರುಟಿತವಾಗಿರುವಲ್ಲಿ ಸಂಪಾದಕರು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗೆ ಇಡುತ್ತಾರೆ. ಓದುವವನಿಗೆ ಕಲ್ಲಿನ ಮಾತು ಯಾವುದು, ಸಂಪಾದಕರ ಮಾತು ಯಾವುದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಹಾಗೆಯೇ ರಥದ ಶಿಖರವನ್ನು ‘ಆಧಾರಪೂರಣ’ ಎಂದೂ, ಕುದುರೆಗಳನ್ನು ‘ಊಹಾಪೂರಣ’ ಎಂದೂ ಕರೆದು, ತೆರೆಯ ಮೇಲೆ ಬೇರೆ ಬಣ್ಣದಲ್ಲಿ ತೋರಿಸಬಹುದು. ಎರಡೂ ನಾನು ಕಟ್ಟಿದ ಪದಗಳು, ತುಸು ಬಿಗಿ ಎನಿಸಿದರೆ ಸಡಿಲಿಸಿಕೊಡಿ.

ಇಷ್ಟಾದರೂ ಒಂದು ಗಂಟು ಬಿಡುವುದಿಲ್ಲ. ಚಕ್ರದ ಹಿಂಬದಿ, ಆನೆಯ ಹೊಟ್ಟೆಯ ಕೆಳಗು, ಚಾಚಿದ ಕಲ್ಲುಸೂರಿನ ಸಂದುಗಳಂಥ ಕಡೆ ಕಿರಣ ತಲುಪದೆ ಬಿಂದುರಾಶಿಯಲ್ಲಿ ತೂತುಗಳು ಉಳಿಯುತ್ತವೆ. ಸುತ್ತಲಿನ ಮೈಯ ಬಾಗನ್ನು ನೋಡಿ ತಂತ್ರಾಂಶ ಅವನ್ನು ತಾನೇ ಮುಚ್ಚಿಬಿಡುತ್ತದೆ. ಆ ತೇಪೆ ಅಳೆದದ್ದಲ್ಲ. ಹಾಗೆಂದು ವಿದ್ವಾಂಸರೊಬ್ಬರು ಯೋಚಿಸಿ ಮಾಡಿದ ಊಹೆಯೂ ಅಲ್ಲ. ಅದನ್ನು ಪಡಿಯಚ್ಚಿನೊಳಗೇ ಸೇರಿಸಬೇಕೋ, ಬೇರೆ ಹೆಸರು ಕೊಡಬೇಕೋ? ವಿಗ್ರಹದ ಮುಕ್ಕಾದ ಭಾಗವನ್ನು ಗಾರೆಯಿಂದ ಮೆತ್ತುವುದಕ್ಕೆ, ಎರಕದಲ್ಲಿ ಉಳಿದ ತೂತನ್ನು ತುಂಬುವುದಕ್ಕೆ ಶಿಲ್ಪಿಗಳ, ಕಂಚುಗಾರರ ಬಾಯಲ್ಲಿ ಪ್ರತ್ಯೇಕ ಪದಗಳಿದ್ದರೆ, ಅವು ಯಾವ ಸೀಮೆಯಲ್ಲಿ ಬಳಕೆಯಲ್ಲಿವೆ ಎಂಬುದರ ಜೊತೆಗೆ ದಯವಿಟ್ಟು ತಿಳಿಸಿಕೊಡಿ.