ಅಪ್‌ಡೇಟ್: ಕರೆಂಟ್ ಹೋದಾಗ ಮಗಳ ಹಾರ್ಮೋನ್ ಪೆನ್

ಶಿರಸಿ ಸಮೀಪದ ನಮ್ಮೂರಿನಲ್ಲಿ ಮಳೆಗೆ ಎರಡು ದಿನ ಕರೆಂಟ್ ಹೋದಾಗ, ಮಗಳ ಬೆಳವಣಿಗೆ ಹಾರ್ಮೋನ್ ಇಂಜೆಕ್ಷನ್ ಪೆನ್ನನ್ನು ಕಾಪಾಡುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಆದರೆ ‘ಐಸ್ ಮೇಲೆಯೇ ಇಡಿ’ ಎಂದವರ ಮಾತು ಕೇಳಿ ಒಂದು ಪೆನ್ ಹಾಳಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಹುಬ್ಬಳ್ಳಿಯ ಡಾಕ್ಟರು ವಿವರಿಸಿದರು: ಈ ಔಷಧಿ ಪ್ರೋಟೀನು. 2ರಿಂದ 8 ಡಿಗ್ರಿಯಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ, ಕರಗಿ ತಿಳಿಯಾಗಿ ಕಂಡರೂ ಬಳಸುವಂತಿಲ್ಲ. ಈಗ ಐಸ್‌ಪ್ಯಾಕಿಗೆ ದಪ್ಪ ಟವೆಲ್ ಸುತ್ತಿ, ಪೆನ್ನನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಪಕ್ಕದಲ್ಲೊಂದು ಪುಟ್ಟ ಥರ್ಮಾಮೀಟರ್ ಇಡುತ್ತೇನೆ. ಫ್ರಿಜ್ಜಿನಲ್ಲೂ ಹಿಂಬದಿಯ ಗೋಡೆಗೆ ತಾಗಿಸುವುದಿಲ್ಲ.

ಇಂಜೆಕ್ಷನ್ ಕೊಡುವಾಗ ಮಗಳು ನೋವೆಂದು ಅಳುತ್ತಿದ್ದಳು. ಅದರ ಕಾರಣವೂ ಸಿಕ್ಕಿತು, ತಪ್ಪು ನನ್ನದೇ. ನನಗೆ ಅನುಕೂಲವೆಂದು ದಿನವೂ ಬಲತೊಡೆಯ ಒಂದೇ ಜಾಗಕ್ಕೆ ಚುಚ್ಚುತ್ತಿದ್ದೆ. ಅಲ್ಲಿ ಕಡಲೆಕಾಳಿನಷ್ಟು ಗಂಟಾಗಿತ್ತು. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ‘ಎಡತೊಡೆ’, ‘ಬಲತೊಡೆ’, ‘ಹೊಟ್ಟೆ’ ಎಂದು ಮಗಳೇ ಬರೆಯುತ್ತಾಳೆ. ಪ್ರತಿ ಸಲ ಹೊಸ ಸೂಜಿ. ಅಳು ನಿಂತಿದೆ, ಚೌಕಾಸಿ ಶುರುವಾಗಿದೆ.

ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆ 3 ತಿಂಗಳಲ್ಲಿ 2 ಸೆಂಟಿಮೀಟರ್ ಮೇಲೇರಿದೆ. ಅದು ಒಂದೆಲಗದ ತಂಬುಳಿಯ ಫಲವೆಂದು ಅತ್ತೆಯವರ ವಾದ.