ಅಪ್‌ಡೇಟ್: ಅಪ್ಪನ ಜೊತೆ ಪುಣೆಯ ಸವಾಯಿ ಗಂಧರ್ವ ಸಂಗೀತ ಉತ್ಸವಕ್ಕೆ ಹೋಗಿಬಂದ್ವಿ

ಕಲಬುರಗಿಯಿಂದ ಪುಣೆಗೆ ಹೋಗಬೇಕು, ರಾತ್ರಿಯಿಡೀ ಸಂಗೀತ ಇರ್ತದಲ್ಲ, ಲಾಡ್ಜ್ ಬೇಕೇನ್ರಿ ಅಂತ ಹಿಂದ ಇಲ್ಲೇ ಕೇಳಿದ್ದೆ. ನಿನ್ನೆ ಬಂದ್ವಿ.

'ಲಾಡ್ಜ್ ಮಾಡ್ರಿ' ಅಂದವರ ಮಾತೇ ಉಳಿಸ್ತು. ಅಪ್ಪ ಹೇಳ್ತಿದ್ದ ಬೆಳಗಿನ ತನಕದ ಬೈಠಕ್ ಈಗಿಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧ ಬಂದ ಮೇಲೆ ಎಲ್ಲಾ ಬದಲಾಗ್ಯದ. ಲಾಡ್ಜ್ ಇಲ್ಲದಿದ್ರೆ ಡಿಸೆಂಬರ್ ಥಂಡಿಯೊಳಗ ಸ್ಟೇಷನ್ನೇ ಗತಿ!

ಉದ್ಯಾನ್ ಎಕ್ಸ್‌ಪ್ರೆಸ್ ರೈಲಿನ ಸಲಹೆನೂ ಛಲೋ ಆತು, ಎಲ್ಲೂ ಗಾಡಿ ಬದಲಿಸೋ ತಾಪತ್ರಯ ಇಲ್ಲ. ಕೆಲಸಕ್ಕೆ ಬರದಿದ್ದು 'ನೆಲದ ಪಾಸ್ ಅಗ್ಗ, ಅದೇ ಸಾಕು' ಅನ್ನೋದು. ಜಮಖಾನ ಒಯ್ದಿದ್ವಿ, ಆದ್ರ ಅಪ್ಪನ ಮೊಣಕಾಲು ಎರಡು ತಾಸಿಗೇ ಕೈಕೊಟ್ಟವು. ವಯಸ್ಸಾದವರಿಗೆ ಕುರ್ಚಿ ಪಾಸೇ ತೊಗೊಳ್ರಿ. ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಎರಡು ದಿನ ನಮ್ಮನ್ನ ಕಾಪಾಡಿದ್ವು.

ಒಂದು ಗೊತ್ತಿರಲಿಲ್ಲ ನೋಡ್ರಿ. ಈ ಉತ್ಸವ 1953ರಲ್ಲಿ ಶುರು ಮಾಡಿದವರು ನಮ್ಮ ಗದಗ ಕಡೆಯ ಭೀಮಸೇನ ಜೋಶಿ. ಅವರ ಗುರು ಸವಾಯಿ ಗಂಧರ್ವರದೂ ಧಾರವಾಡ ಜಿಲ್ಲೆಯ ಕುಂದಗೋಳದ ನಂಟು. ಅಲ್ಲಿ ಪಕ್ಕದಾಗ ಕೂತ ಮರಾಠಿ ಅಜ್ಜರಿಗೆ ಅಪ್ಪ ಇದನ್ನೇ ಮೂರು ಸಲ ಹೇಳಿದ.